ಮೊದಲು ಸಭಾಂಗಣಕ್ಕೆ, ಆಮೇಲೆ ಪರದೆಗೆ: ನನ್ನ ಅನುಭವ

ಸಿನಿಮಾದ ಹಿನ್ನೆಲೆ ಸಂಗೀತವನ್ನು ಕಚೇರಿಯ ವೇದಿಕೆಗೆ ತರುವುದು ಆಗದ ಕೆಲಸವೆಂದು ಎರಡೂ ಕಡೆಯವರು ನನಗೆ ವರ್ಷಗಟ್ಟಲೆ ಹೇಳಿದ್ದಾರೆ. ತನ್ನಷ್ಟಕ್ಕೆ ತಾನೇ ಪೂರ್ಣವಾದ ಸಂಗೀತ ಸಂಭಾಷಣೆಯನ್ನು ನುಂಗಿಹಾಕುತ್ತದೆ ಎಂಬುದು ನಿರ್ದೇಶಕರ ವಾದ. ದೃಶ್ಯದ ಅಳತೆಗೆ ಬರೆದದ್ದು ದೃಶ್ಯವಿಲ್ಲದೆ ನಿಲ್ಲಲಾರದು ಎಂಬುದು ಸಭಾಂಗಣದವರ ವಾದ. ಕಳೆದ ವರ್ಷ ಬೆಂಗಳೂರಿನಲ್ಲಿ 12 ಮಂದಿ ತಂತಿವಾದ್ಯಗಾರರು, ನಾನು ಮೂರು ಕನ್ನಡ ಚಿತ್ರಗಳಿಗೆ ಮಾಡಿದ ರೀ-ರೆಕಾರ್ಡಿಂಗಿನ, ಅಂದರೆ ಹಿನ್ನೆಲೆ ಸಂಗೀತದ, ಮೂಲಕೃತಿಯನ್ನು ಕ್ಲಿಕ್ (ಕಿವಿಯಲ್ಲಿ ತಾಳ ಹಿಡಿಸುವ ಟಿಕ್‌ಟಿಕ್ ಸದ್ದು) ಇಲ್ಲದೆ, ಮೊದಲೇ ಮುದ್ರಿಸಿದ ಟ್ರ್ಯಾಕ್ ಇಲ್ಲದೆ ಸುಮಾರು 22 ನಿಮಿಷ ನುಡಿಸಿದರು. ಸಭೆ ಕೊನೆಯವರೆಗೂ ಕದಲಲಿಲ್ಲ. ಅದಕ್ಕಿಂತ ನನಗೆ ಮುಖ್ಯವಾದದ್ದು, ಆಮೇಲೆ ಎರಡು ತಂಡಗಳು ಅದರ ಪಾರ್ಟ್‌ಗಳನ್ನು (ಒಂದೊಂದು ವಾದ್ಯಕ್ಕೂ ಬರೆದ ಸ್ವರಲಿಪಿಯ ಪ್ರತಿಗಳನ್ನು) ಬಾಡಿಗೆಗೆ ಕೇಳಿದ್ದು. ಆದ್ದರಿಂದ ವಿಧಾನವನ್ನು ಬರೆದಿಡುತ್ತಿದ್ದೇನೆ. ಮುಂದೆ ಮ್ಯಾಪ್ ಎಂದರೆ ಟೆಂಪೊ ಮ್ಯಾಪ್, ಅಂದರೆ ದೃಶ್ಯಕ್ಕೆ ಹೊಂದಿಸಿದ ವೇಗದ ನಕ್ಷೆ.

ನಮ್ಮಲ್ಲಿ ಎಲ್ಲರೂ ಹಿಡಿಯುವ ದಾರಿಯೆಂದರೆ, ಎಡಿಟ್ ಅಂತಿಮವಾದ ಮೇಲೆ ದೃಶ್ಯ ದೃಶ್ಯಕ್ಕೂ ತುಣುಕು ಬರೆದು, ಚಿತ್ರ ಬಿಡುಗಡೆಯಾದ ನಂತರ ಅವುಗಳಲ್ಲಿ ಒಳ್ಳೆಯದನ್ನು ಆರಿಸಿ ಒಂದಕ್ಕೊಂದು ಸೇರಿಸುವುದು. ನನ್ನ ಮೊದಲ ಎರಡು ಕಾರ್ಯಕ್ರಮಗಳು ಹೀಗೆ ನಡೆದವು, ಎರಡೂ ಸೋತವು. ಪರದೆಯ ಮೇಲೆ 40 ಸೆಕೆಂಡಿನ ತುಣುಕು ಕಟ್ ಬಂದಾಗ ನಿಂತರೆ ಕೊರತೆಯೆನಿಸುವುದಿಲ್ಲ, ಏಕೆಂದರೆ ಮುಂದಿನ ಶಾಟ್ ಅದನ್ನು ಮುಗಿಸಿಕೊಡುತ್ತದೆ; ಸಭಾಂಗಣದಲ್ಲಿ ಅದು ನಿಂತರೆ, ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಎರಡನೆಯ ಸಲ ಹಿಂದೆ ಪರದೆ ಕಟ್ಟಿ ದೃಶ್ಯಗಳನ್ನೂ ತೋರಿಸಿದೆವು. ಜನ ಚಿತ್ರವನ್ನು ನೋಡಿದರು, ಸಂಗೀತ ಮತ್ತೆ ಹಿನ್ನೆಲೆಗೆ ಸರಿಯಿತು. ಸಭಾಂಗಣದ ಬಾಡಿಗೆ, ತಾಲೀಮು, ವಾದಕರ ಸಂಭಾವನೆ ಎಲ್ಲ ಸೇರಿ ಎರಡಕ್ಕೂ ನನ್ನ ಕೈಯಿಂದ 3 ಲಕ್ಷದ ಹತ್ತಿರ ಹೋಯಿತು, ಟಿಕೆಟ್ಟಿನಿಂದ ಬಂದದ್ದು 60 ಸಾವಿರ ದಾಟಿರಲಾರದು.

ಮೂರನೆಯ ಚಿತ್ರಕ್ಕೆ ಕ್ರಮವನ್ನೇ ತಲೆಕೆಳಗು ಮಾಡಿದೆ. ಚಿತ್ರಕಥೆ ಓದಿ, ಒಂದಷ್ಟು ರಶ್ (ಎಡಿಟ್ ಆಗದ ಚಿತ್ರೀಕರಣ) ನೋಡಿ, ಎಡಿಟ್ ಆರಂಭವಾಗುವ ಮೊದಲೇ ಆರೇಳು ನಿಮಿಷಗಳ ಪೂರ್ಣ ಚಲನೆಯೊಂದನ್ನು (ಮೂವ್‌ಮೆಂಟ್, ಅಂದರೆ ಸಂಗೀತದ ಒಂದು ಖಂಡ) ತಂತಿವಾದ್ಯಗಳ ನಾಲ್ಕು ಸಾಲುಗಳಲ್ಲಿ ಬರೆದೆ. ಅದಕ್ಕೆ ತನ್ನದೇ ಆರಂಭ, ಬೆಳವಣಿಗೆ, ಮುಕ್ತಾಯಗಳಿದ್ದವು. ಚಿತ್ರದ ತುಣುಕುಗಳೆಲ್ಲ ಅದರಿಂದ ಕತ್ತರಿಸಿದವೇ ಹೊರತು ಹೊಸದಾಗಿ ಬರೆದವಲ್ಲ. ಪಿಕ್ಚರ್ ಲಾಕ್ ಆಗದೆ, ಅಂದರೆ ಎಡಿಟ್ ಅಂತಿಮವಾಗದೆ, ಸಂಗೀತ ಬರೆಯುವುದು ಹುಚ್ಚು ಎಂದವರಿದ್ದರು. ಆದರೆ ಇದು ಹೊಸದೇನಲ್ಲ. ದಕ್ಷಿಣ ಧ್ರುವ ಯಾತ್ರೆಯ ಬಗ್ಗೆ 1948ರಲ್ಲಿ ಬಂದ ಬ್ರಿಟಿಷ್ ಚಿತ್ರಕ್ಕೆ ಇಂಗ್ಲಿಷ್ ಸಂಯೋಜಕ ವಾನ್ ವಿಲಿಯಮ್ಸ್ ಹೆಚ್ಚಿನ ಸಂಗೀತವನ್ನು ಚಿತ್ರ ನೋಡುವ ಮೊದಲೇ ಬರೆದಿದ್ದರು, ಅದೇ ಸಾಮಗ್ರಿ 1953ರಲ್ಲಿ ಅವರ ಏಳನೆಯ ಸಿಂಫನಿಯಾಗಿ ಮ್ಯಾಂಚೆಸ್ಟರಿನಲ್ಲಿ ಮೊದಲ ಬಾರಿ ನುಡಿಯಿತು. ರಷ್ಯಾದ ಸಂಯೋಜಕ ಪ್ರೊಕೊಫೀವ್ 1938ರಲ್ಲಿ ನಿರ್ದೇಶಕ ಐಸೆನ್‌ಸ್ಟೈನ್ ಜೊತೆ ‘ಅಲೆಕ್ಸಾಂಡರ್ ನೆವ್‌ಸ್ಕಿ’ ಚಿತ್ರಕ್ಕೆ ಕೆಲಸ ಮಾಡಿದಾಗ ಕೆಲವು ದೃಶ್ಯಗಳು ಸಂಗೀತಕ್ಕೆ ಹೊಂದುವಂತೆ ಸಂಕಲನಗೊಂಡವು, ಮರುವರ್ಷವೇ ಆ ಸಂಗೀತ ಗಾಯನವೃಂದ, ವಾದ್ಯವೃಂದಗಳ ಕ್ಯಾಂಟಾಟಾ ಆಗಿ ವೇದಿಕೆಗೆ ಬಂದಿತು.

ಕತ್ತರಿಸಲು ಬರಬೇಕಾದರೆ ಬರೆಯುವಾಗಲೇ ಸಿದ್ಧತೆ ಬೇಕು. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಟೆಂಪೊ (ನಿಮಿಷಕ್ಕೆ ಎಷ್ಟು ಘಾತ ಎಂಬ ವೇಗ) 60 ಇದ್ದರೆ ಒಂದು ತಾಳಘಾತಕ್ಕೆ 24 ಫ್ರೇಮ್, 72ಕ್ಕೆ 20, 80ಕ್ಕೆ 18, 90ಕ್ಕೆ 16, 96ಕ್ಕೆ 15. ಈ ಐದು ವೇಗಗಳನ್ನು ಬಿಟ್ಟು ನಾನು ಬೇರೆ ಯಾವುದನ್ನೂ ಬಳಸುವುದಿಲ್ಲ. ಇಂದಿನ ಸಾಫ್ಟ್‌ವೇರಿಗೆ ಯಾವ ವೇಗವೂ ಒಂದೇ ಎಂಬುದು ನಿಜ, ಆದರೂ ಘಾತ ಪೂರ್ಣ ಫ್ರೇಮಿನ ಮೇಲೆಯೇ ಬಿದ್ದರೆ ಸಂಕಲನಕಾರರು ದೃಶ್ಯವನ್ನು ಎರಡು ಘಾತ ಕಡಿಮೆ ಮಾಡಿದಾಗಲೂ ನಾನು ಹೊಸ ಮ್ಯಾಪ್ ಕಟ್ಟಬೇಕಾಗಿಲ್ಲ. ಎರಡನೆಯದಾಗಿ, ಪ್ರತಿ ಎಂಟು ಅಥವಾ ಹದಿನಾರು ಬಾರ್‌ಗೊಮ್ಮೆ (ತಾಳದ ಆವರ್ತಕ್ಕೊಮ್ಮೆ ಗುರುತಿಸುವ ಅಳತೆ ಬಾರ್) ಗಾಂಧಾರವನ್ನು ಪೂರ್ತಿಯಾಗಿ ತೆಗೆದು, ಬರೀ ಷಡ್ಜ-ಪಂಚಮಗಳು ಉಳಿಯುವ ಒಂದು ಜಾಗ ಬಿಡುತ್ತೇನೆ. ಇವು ಬಾಗಿಲುಗಳು: ಯಾವ ಬಾಗಿಲಿನಿಂದ ಹೊರಬಂದು ಯಾವುದರೊಳಗೆ ಹೋದರೂ ಸ್ವರಸಂಗತಿ (ಹಾರ್ಮನಿ) ಕೆಡುವುದಿಲ್ಲ. ಈ ಜಾಗಗಳಲ್ಲಿ ವಯೋಲಾ ಏನು ಮಾಡುತ್ತದೆ ಎಂಬುದರಲ್ಲಿ ಜೋಡಣೆ ಕಾಣದಿರುವ ಗುಟ್ಟು ಇದೆ; ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸಂಭಾಷಣೆಯ ಪ್ರಶ್ನೆಗೆ ಉತ್ತರ ಧ್ವನಿಮುದ್ರಣದಲ್ಲಿದೆ. ಮಾತಿನ ವ್ಯಂಜನಗಳ ಸ್ಪಷ್ಟತೆ ಸುಮಾರು 1ರಿಂದ 4 ಕಿಲೋಹರ್ಟ್ಸ್ ನಡುವೆ ಇರುತ್ತದೆ, ಮೇಲಿನ ಸ್ಥಾಯಿಯ ವಯಲಿನ್ನಿನ ಹೊಳಪೂ ಅಲ್ಲೇ ಇದೆ. ಹೀಗಾಗಿ ಇಡೀ ಚಲನೆಯನ್ನು ಮೂರು ಪದರಗಳಾಗಿ, ಅಂದರೆ ಮೇಲಿನ ರಾಗದ ಎಳೆ, ಒಳಗಿನ ಎರಡು ಸಾಲು, ಚೆಲ್ಲೊ ಮತ್ತು ಬಾಸ್ ಎಂದು ಬೇರೆ ಬೇರೆ ಮುದ್ರಿಸಿ, ಮಾತಿರುವೆಡೆ ಒಳಗಿನ ಪದರವನ್ನಷ್ಟೇ ಬಿಡುತ್ತೇನೆ. ಒಳಸಾಲುಗಳು ಬರೀ ತುಂಬುವ ಸ್ವರಗಳಾಗಿದ್ದರೆ ಇದು ನಡೆಯದು, ಅವುಗಳಿಗೂ ಹಾಡುವ ಗುಣವಿರಬೇಕು. ಚತುರ್ವಾದ್ಯಕ್ಕೆ (ನಾಲ್ಕು ತಂತಿವಾದ್ಯಗಳ ಸ್ಟ್ರಿಂಗ್ ಕ್ವಾರ್ಟೆಟ್‌ಗೆ) ಬರೆದು ಬೆಳೆದವರಿಗೆ ಈ ಅಭ್ಯಾಸ ಸಹಜವಾಗಿರುತ್ತದೆ. ಕೀಬೋರ್ಡಿನಲ್ಲಿ ಕಾರ್ಡ್ ಹಿಡಿದು ಆರಂಭಿಸುವವರಿಗೆ ಬಹಳ ಕಷ್ಟ. ನನ್ನ ಚಿತ್ರದ ಮಿಕ್ಸಿಂಗಿನಲ್ಲಿ ಸಂಗೀತವನ್ನು ತಗ್ಗಿಸಬೇಕಾಗಿ ಬಂದ ಜಾಗಗಳು ಬೆರಳೆಣಿಕೆಯಷ್ಟು ಎಂದು ಸಂತೋಷದಿಂದಲೇ ಹೇಳುತ್ತೇನೆ.

ಹೆಚ್ಚು ಹಣ ಮತ್ತು ಸಮಯ ತಿಂದದ್ದು ಗಮಕ, ಅಂದರೆ ಸ್ವರವನ್ನು ಕಂಪಿಸುವ, ಜಾರಿಸುವ ಬಗೆ. ತೋಡಿ ರಾಗದ ಗಾಂಧಾರವನ್ನು ಪಾಶ್ಚಾತ್ಯ ಸ್ವರಲಿಪಿಯಾದ ಸ್ಟಾಫ್ ನೊಟೇಶನ್ನಿನಲ್ಲಿ ಸಣ್ಣ ಸಣ್ಣ ಸ್ವರಗಳಾಗಿ ಬಿಡಿಸಿ ಆರು ವಯಲಿನ್‌ಗಳಿಗೂ ಕೊಟ್ಟಾಗ ಕೇಳಿಸಿದ್ದು ಗಮಕವಲ್ಲ, ನಡುಕ. ಜಾರುಗೆರೆ ಎಳೆದು ನೋಡಿದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಜಾರಿದರು. ಎರಡು ಕಾಲ್‌ಶೀಟುಗಳು (ವಾದಕರನ್ನು ಕರೆಸಿದ ಮುದ್ರಣದ ಸರದಿಗಳು), ಅಂದಾಜು 90 ಸಾವಿರ ರೂಪಾಯಿ, ಇದರಲ್ಲೇ ಕಳೆದವು. ಕೊನೆಗೆ ಕೂಡಿಬಂದದ್ದು ಹೀಗೆ: ನೆಲದ ಮೇಲೆ ಕುಳಿತು ನುಡಿಸುವ ಕರ್ನಾಟಕ ಸಂಗೀತದ ಪಿಟೀಲು ವಿದ್ವಾಂಸರೊಬ್ಬರಿಗೆ ಮಾತ್ರ ಗಮಕದ ಎಳೆಯನ್ನು ಸ್ವರ-ಸಾಹಿತ್ಯದ ಕ್ರಮದಲ್ಲೇ ಬರೆದುಕೊಟ್ಟು, ಉಳಿದವರಿಗೆ ಆ ರಾಗದ ನ್ಯಾಸಸ್ವರಗಳನ್ನಷ್ಟೇ (ರಾಗ ಬಂದು ತಂಗುವ ಸ್ವರಗಳನ್ನಷ್ಟೇ) ಸಾದಾ ಹಿಡಿತದಲ್ಲಿ ಕೊಟ್ಟೆ. ಎಳೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಮಾತ್ರ ಸ್ವರಸಂಗತಿ ಬದಲಾಗುತ್ತದೆ, ಅದು ಕಂಪಿಸುತ್ತಿರುವಾಗ ಕೆಳಗೆ ಯಾರೂ ಕದಲುವುದಿಲ್ಲ. ಕೀರವಾಣಿ, ಚಾರುಕೇಶಿ, ಹಂಸಧ್ವನಿಗಳು ನಾಲ್ಕು ಸಾಲುಗಳಿಗೆ ಸುಲಭವಾಗಿ ಒಗ್ಗುತ್ತವೆ. ತೋಡಿಯನ್ನು ಷಡ್ಜ-ಪಂಚಮದ ಮೇಲೆ ಒಂಟಿಯಾಗಿಯೇ ಬಿಡುವುದು ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ.

ನಡುವೆ ನಾಗಸ್ವರವನ್ನೂ ಸೇರಿಸಿ ನೋಡಿದೆ. ಸ್ಟುಡಿಯೋದಲ್ಲಿ ಬೇರೆ ಕೋಣೆಯಲ್ಲಿ ಕೂರಿಸಿ ಮುದ್ರಿಸಿದಾಗ ಅದ್ಭುತವಾಗಿತ್ತು. ಸಭಾಂಗಣದಲ್ಲಿ 12 ತಂತಿವಾದ್ಯಗಳೂ ಅದರೆದುರು ಕೇಳಿಸಲಿಲ್ಲ, ಮೈಕ್ ಕೊಟ್ಟರೆ ತಂತಿಯ ಮೈಗುಣವೇ ಹೋಯಿತು. ಈಗ ಆ ಭಾಗವನ್ನು ಕ್ಲಾರಿನೆಟ್‌ಗೆ ಬರೆದಿದ್ದೇನೆ, ಚೆನ್ನಾಗಿ ಕೂತಿದೆ.

ಹಣದ ಮಾತು. ನಮ್ಮಲ್ಲಿ ಮಧ್ಯಮ ಬಜೆಟ್ಟಿನ ಚಿತ್ರಕ್ಕೆ ಸಂಗೀತದ ಕೆಲಸ ಪ್ಯಾಕೇಜಿನಲ್ಲಿ, ಅಂದರೆ ಎಲ್ಲ ಖರ್ಚೂ ಸೇರಿದ ಒಂದೇ ಮೊತ್ತಕ್ಕೆ, ಸಿಗುತ್ತದೆ, ಉಳಿಸಿದಷ್ಟು ಸಂಯೋಜಕನದು. ನನಗೆ ಸಿಕ್ಕಿದ್ದರಲ್ಲಿ ರೀ-ರೆಕಾರ್ಡಿಂಗಿನ ಪಾಲು ನಾಲ್ಕು ಲಕ್ಷದಷ್ಟು. ಯುರೋಪಿನ ವಾದ್ಯವೃಂದವನ್ನು ದೂರದಿಂದ ಮುದ್ರಿಸಿದರೆ ಅದು ಬೇಗನೆ ಕರಗಿಹೋಗುತ್ತದೆ, ಸ್ಯಾಂಪಲ್ ಲೈಬ್ರರಿಯಲ್ಲಿ (ಮೊದಲೇ ಮುದ್ರಿಸಿಟ್ಟ ವಾದ್ಯಧ್ವನಿಗಳ ಸಂಗ್ರಹದಲ್ಲಿ) ಮುಗಿಸಿದರೆ ವೇದಿಕೆಗೆ ಏನೂ ಉಳಿಯದು. ನಾನು ಎಂಟು ವಾದಕರನ್ನು ಕರೆದು, ಅದೇ ಸಾಲುಗಳನ್ನು ಕುರ್ಚಿ ಬದಲಿಸಿ, ಪಾರ್ಟ್ ಬದಲಿಸಿ ಅವರಿಂದಲೇ ಮೂರು ಸಲ ನುಡಿಸಿ ಮುದ್ರಿಸಿದೆ. ಒಬ್ಬೊಬ್ಬರಿಗೆ ಕಾಲ್‌ಶೀಟಿಗೆ ಐದು ಸಾವಿರದ ಆಸುಪಾಸು. ಮೂರನೆಯ ಸಲ ಮೈಕನ್ನು ಎಲ್ಲಿಟ್ಟೆ ಎಂಬುದನ್ನು ಬರೆಯುವುದಿಲ್ಲ. ಆ ಎಂಟು ಮಂದಿಗೆ ಕೃತಿ ಆಗಲೇ ಬಾಯಿಪಾಠವಾದ್ದರಿಂದ ಸಭಾಂಗಣದ ತಾಲೀಮಿನ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು. ಸಭಾಂಗಣದ ಸಂಗೀತಕ್ಕೆ ಎಂದಿಗೂ ಪೋಷಕರು ಬೇಕು. ಮೈಸೂರಿನ ಜಯಚಾಮರಾಜ ಒಡೆಯರು ಹಣದ ಭರವಸೆ ಕೊಟ್ಟಿದ್ದರಿಂದಲೇ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದವು. ಇಂದು ನನ್ನಂಥವರ ಪಾಲಿಗೆ ಆ ಪೋಷಣೆ ಚಿತ್ರದ ಬಜೆಟ್ಟಿನೊಳಗೇ ಇದೆ.

ಇದೆಲ್ಲ ನಿಲ್ಲುವುದು ಕರಾರಿನ ಮೇಲೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದಲ್ಲಿ ಚಿತ್ರದೊಂದಿಗೆ ಕೇಳುವುದನ್ನು ಬಿಟ್ಟು ಉಳಿದ ಬಳಕೆಗಳ ರಾಯಧನದಲ್ಲಿ ಸಂಯೋಜಕನ ಸಮಪಾಲನ್ನು ಬರೆದುಕೊಟ್ಟರೂ ಅದು ಹೋಗುವುದಿಲ್ಲ. ಆದರೆ ವೇದಿಕೆಗೆ ಮರುರೂಪಿಸುವ ಹಕ್ಕು, ಸ್ವರಲಿಪಿಯ ಪ್ರತಿಗಳ ಹಕ್ಕು ನಮ್ಮಲ್ಲೇ ಉಳಿಯಬೇಕಾದರೆ ಅದನ್ನು ಬೇರೆಯಾಗಿ ಬರೆಸಬೇಕು. ಒಬ್ಬ ನಿರ್ಮಾಪಕರು ಈ ಸಾಲು ಕಂಡು ಎರಡನೆಯ ಕಂತನ್ನೇ ತಿಂಗಳುಗಟ್ಟಲೆ ತಡೆದರು. ನಾನು ಸಾಲನ್ನು ಅಳಿಸಲಿಲ್ಲ, ಪ್ಯಾಕೇಜಿನಲ್ಲಿ 50 ಸಾವಿರ ಬಿಟ್ಟುಕೊಟ್ಟೆ. ಪಾರ್ಟ್‌ಗಳ ಬಾಡಿಗೆಯಲ್ಲಿ ಅದು ಆಗಲೇ ಹೆಚ್ಚುಕಡಿಮೆ ಮರಳಿದೆ. ಚಿತ್ರದ ಸಂಗೀತದ ತುಣುಕುಗಳ ಪಟ್ಟಿಯಾದ ಕ್ಯೂ ಶೀಟನ್ನು ರಾಯಧನ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಗೆ ಸಲ್ಲಿಸುವಾಗ ಪ್ರತಿ ತುಣುಕಿನ ಎದುರೂ ಮೂಲಕೃತಿಯ ಹೆಸರನ್ನೇ ಹಾಕುತ್ತೇನೆ.

ಈಗ ಒಂದು ಸಾಕ್ಷ್ಯಚಿತ್ರಕ್ಕೆ ಬರೆಯುತ್ತಿದ್ದೇನೆ. ಚಿತ್ರೀಕರಣ ಇನ್ನೂ ಅರ್ಧ ಬಾಕಿಯಿದೆ, ಮೊದಲ ಚಲನೆ ಮುಗಿದಿದೆ, ಅದರ ಪಾರ್ಟ್‌ಗಳು ವಾದಕರ ಕೈಯಲ್ಲಿವೆ. ಕ್ಲಾರಿನೆಟ್ ಸಾಲನ್ನು ಮಾತ್ರ ಇನ್ನೊಂದು ಸ್ಥಾಯಿ ಕೆಳಗೆ ತರಬೇಕಾಗಿದೆ, ನಿರೂಪಕಿಯ ದನಿ ನಾನು ಎಣಿಸಿದ್ದಕ್ಕಿಂತ ಮೇಲಿನ ಸ್ಥಾಯಿಯಲ್ಲಿದೆ.