ಆರಾಮಾಗಿರೋ ಕೆಲಸ ಬಿಡೋಕೆ ಮುಂಚೆ ಈ ಲೆಕ್ಕ ಹಾಕ್ಕೊಳ್ಳಿ
ಮೈಸೂರಲ್ಲಿ ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡ್ಕೊಂಡು ನೆಮ್ಮದಿಯಾಗಿದ್ದೋರಿಗೆ ಬೆಂಗಳೂರಿಂದ ಜಾಸ್ತಿ ಸಂಬಳದ ಆಫರ್ ಬಂದ್ರೆ ನಿದ್ದೆ ಬರಲ್ಲ, ನಂಗೂ ಹಂಗೇ ಆಗಿತ್ತು. ಮೊದ್ಲು ಸಿಟಿಸಿ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡೋ ಒಟ್ಟು ಖರ್ಚು) ನೋಡಿ ಖುಷಿ ಪಡ್ಬೇಡಿ, ತಿಂಗಳಿಗೆ ಕೈಗೆ ಎಷ್ಟು ಬರುತ್ತೆ ಅಂತ ಬಿಡಿಸಿ ಕೇಳಿ, ಯಾಕಂದ್ರೆ ಕಂಪನಿ ಕಟ್ಟೋ ಪಿಎಫ್ಫು, ಗ್ರಾಚ್ಯುಟಿ (ವರ್ಷಗಟ್ಲೆ ದುಡಿದಿದ್ದಕ್ಕೆ ಕೆಲಸ ಬಿಡೋವಾಗ ಕೊಡೋ ದುಡ್ಡು), ವೇರಿಯಬಲ್ ಪೇ (ಕೆಲಸ ನೋಡಿ ಹೆಚ್ಚು ಕಮ್ಮಿ ಕೊಡೋ ಭಾಗ) ಎಲ್ಲಾ ಸಾಮಾನ್ಯವಾಗಿ ಅದ್ರೊಳಗೇ ಸೇರ್ಸಿರ್ತಾರೆ, ನಂಗೆ ಕೈಗೆ ಜಾಸ್ತಿ ಬಂದಿದ್ದು 18,000, ಅದ್ರಲ್ಲಿ ರೂಮ್ ಬಾಡಿಗೆಗೇ 11,000 ಹೋಯ್ತು.

ಇನ್ನೊಂದು, ಗ್ರಾಚ್ಯುಟಿ ಸಿಗೋಕೆ ಈಗಿರೋ ಕಂಪನಿಲಿ 5 ವರ್ಷ ತುಂಬೋಕೆ ಎಷ್ಟು ದಿನ ಬಾಕಿ ಇದೆ ನೋಡ್ಕೊಳ್ಳಿ. ನಾನು ಆತುರ ಬಿದ್ದು 4 ವರ್ಷ 5 ತಿಂಗಳಿಗೇ ಬಿಟ್ಟೆ, ಗ್ರಾಚ್ಯುಟಿ ಸಿಗ್ಲಿಲ್ಲ. ತಿಂಗಳಿಗೆ ಬೇಸಿಕ್ಕು (ಮೂಲ ಸಂಬಳ), ಡಿಎ (ತುಟ್ಟಿಭತ್ಯೆ) ಸೇರಿ 26,000 ಇದ್ರೆ ಅದನ್ನ 26ರಿಂದ ಭಾಗಿಸಿ ವರ್ಷಕ್ಕೆ 15 ದಿನದ ಲೆಕ್ಕ, 5 ವರ್ಷಕ್ಕೆ 75,000, ಕಮ್ಮಿ ದುಡ್ಡಲ್ಲ ಅದು. ಪಿಎಫ್ ಮಾತ್ರ ತೆಗೀಬೇಡಿ, ಅದೇ ಯುಎಎನ್ (ಕಂಪನಿ ಬದಲಾದ್ರೂ ಬದಲಾಗದ ಪಿಎಫ್ ನಂಬರ್) ಕೊಟ್ಟು ಟ್ರಾನ್ಸ್‌ಫರ್ ಮಾಡ್ಸಿ.

ಲೆಕ್ಕ ಸರಿ ಹೋದ್ರೆ ಹೆದರ್ಕೊಂಡು ಕೂರ್ಬೇಡಿ. ನಾನಂತೂ ನಾಲ್ಕು ವರ್ಷ ಅದೇ ಎಕ್ಸೆಲ್ ಶೀಟ್ ತುಂಬ್ಸಿ ತುಂಬ್ಸಿ ಕಲಿಯೋದೇ ನಿಲ್ಲಿಸಿಬಿಟ್ಟಿದ್ದೆ, ಹೊಸ ಕಡೆ ಮೂರು ತಿಂಗಳು ಒದ್ದಾಡಿದೆ, ಆಮೇಲೆ ಹಿಡಿತ ಸಿಕ್ತು. ಆಫರ್ ಲೆಟರ್ ಕೈಗೆ ಬರೋವರ್ಗೂ ರಾಜೀನಾಮೆ ಕೊಡ್ಬೇಡಿ.