ಬರದವರ ಪುಸ್ತಕ: ನಾಲ್ಕು–ಐದನೇ ತರಗತಿಯ ಒಂದು ವರ್ಷ

ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಾಲ್ಕು ಮತ್ತು ಐದನೇ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುತ್ತೇನೆ. ಎರಡೂ ಸೇರಿ 28 ಮಕ್ಕಳು. ಸುತ್ತಲೂ ಹತ್ತಿ, ತೊಗರಿ, ಮೆಣಸಿನಕಾಯಿ ಹೊಲಗಳು. ಹೆಚ್ಚಿನ ಮಕ್ಕಳ ತಂದೆತಾಯಿ ಕೂಲಿ ಮಾಡುವವರು. ಕೆಲವರು ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗಿ ಯುಗಾದಿಗೆ ಊರು ಸೇರುತ್ತಾರೆ. ಇಂಥ ತರಗತಿಯಲ್ಲಿ ‘ಮೌಲ್ಯ ಶಿಕ್ಷಣ’ ಎಂದು ಪ್ರತ್ಯೇಕ ಅವಧಿ ಇಟ್ಟು ನೀತಿಕತೆ ಹೇಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಕತೆ ಕೇಳಿ ತಲೆಯಾಡಿಸಿದ ಮಕ್ಕಳೇ ಊಟದ ಹೊತ್ತಿಗೆ ತಮ್ಮ ತಮ್ಮ ಓಣಿಯವರ ಪಕ್ಕ ಹೋಗಿ ಕೂರುತ್ತಾರೆ. ಪಕ್ಕದಲ್ಲಿ ಕೂತವರ ಕಲಿಕೆಗೆ ತಾನೂ ಹೊಣೆ ಎಂಬುದು ನಿತ್ಯದ ಕೆಲಸವಾದಾಗಲೇ ಮಕ್ಕಳು ಬದಲಾಗುವುದನ್ನು ನಾನು ಕಂಡಿದ್ದೇನೆ. ಹೋದ ಶೈಕ್ಷಣಿಕ ವರ್ಷ ಅದನ್ನು ಹೇಗೆ ಮಾಡಿದೆವು ಎಂಬುದನ್ನು ನನ್ನಂತೆಯೇ ಬಹುವರ್ಗ ಬೋಧನೆ ಮಾಡುವ ಶಿಕ್ಷಕರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ಮಕ್ಕಳು ಮೂರನೇ ತರಗತಿಯವರೆಗೆ ನಲಿಕಲಿಯಲ್ಲಿ ಬೆಳೆದವರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ, 2009–10ರಿಂದ ರಾಜ್ಯದಾದ್ಯಂತ ಬಂದ ಪದ್ಧತಿ ಅದು. ಅಲ್ಲಿ ಮಕ್ಕಳು ಕಲಿಕೆಯ ಕಾರ್ಡ್ ಹಿಡಿದು, ಯಾರ ಸಹಾಯ ಎಷ್ಟು ಬೇಕು ಎಂಬುದರ ಮೇಲೆ, ‘ತಟ್ಟೆ’ ಎಂದು ಕರೆಯುವ ಐದು ಗುಂಪುಗಳಲ್ಲಿ ಕೂರುತ್ತಾರೆ: ಶಿಕ್ಷಕರ ಸಂಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಗೆಳೆಯರ ಸಂಪೂರ್ಣ ಸಹಾಯ, ಗೆಳೆಯರ ಭಾಗಶಃ ಸಹಾಯ, ಸ್ವಕಲಿಕೆ. ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ತಟ್ಟೆ ಹೋಗಿ ಸಾಲು ಬರುತ್ತದೆ, ಕಾರ್ಡ್ ಹೋಗಿ ಪಠ್ಯಪುಸ್ತಕ ಬರುತ್ತದೆ. ಮೂರು ವರ್ಷ ಗೆಳೆಯರನ್ನು ಕೇಳಿ ಕಲಿತ ಮಗುವಿಗೆ ‘ಪಕ್ಕದವರ ಪುಸ್ತಕ ನೋಡಬೇಡ’ ಎನ್ನುತ್ತೇವೆ. ಇದನ್ನು ನಾನು ಎಂದೂ ಒಪ್ಪಿಲ್ಲ. ಅದಕ್ಕೇ ‘ಗೆಳೆಯರ ಸಹಾಯ’ದ ಎರಡು ತಟ್ಟೆಗಳನ್ನು ನನ್ನ ಕೋಣೆಯಲ್ಲಿ ಉಳಿಸಿಕೊಂಡೆ. ಐದನೇ ತರಗತಿಯ ಒಬ್ಬರು, ನಾಲ್ಕನೆಯ ಒಬ್ಬರು ಎಂದು ಜೋಡಿ ಮಾಡಿದೆ. ಸಂಖ್ಯೆ ಹೊಂದದ ಕಡೆ ಮೂವರು. ಜೋಡಿಗಳು ತಿಂಗಳಿಗೊಮ್ಮೆ ಬದಲಾಗುತ್ತವೆ, ಮತ್ತು ಒಂದೇ ಓಣಿಯ ಇಬ್ಬರು ಜೋಡಿಯಾಗುವಂತಿಲ್ಲ. ಈ ಎರಡನೆಯ ನಿಯಮದ ಕಾರಣವನ್ನು ನಾನು ಯಾರಿಗೂ ವಿವರಿಸಲಿಲ್ಲ. ಊರಿನ ಓಣಿಗಳು ಹೇಗೆ ಹಂಚಿಕೊಂಡಿವೆ ಎಂಬುದು ಮಕ್ಕಳಿಗೂ ಗೊತ್ತು, ನನಗೂ ಗೊತ್ತು.

ಊಟದ ಸಾಲೂ ಬದಲಾಯಿತು. ಜೋಡಿಯಾಗಿ ಕೂತು ಕಲಿತವರು ಜೋಡಿಯಾಗಿಯೇ ತಟ್ಟೆ ಹಿಡಿದು ಕೂರಬೇಕು ಎಂದಷ್ಟೇ ಹೇಳಿದೆ. ಬಡಿಸುವ ಸರದಿಯೂ ಜೋಡಿಯದೇ. ಅಡುಗೆಯ ಅಕ್ಕನ ಜೊತೆ ಇಬ್ಬರು ನಿಂತು ಸಾರು ಹಾಕುತ್ತಾರೆ, ಮೊಟ್ಟೆ ಕೊಡುತ್ತಾರೆ, ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು. ಮೊದಲ ವಾರಗಳಲ್ಲಿ ಒಂದಿಬ್ಬರು ‘ಹೊಟ್ಟೆನೋವು’ ಎಂದು ಊಟ ಬಿಟ್ಟರು. ಆ ಮನೆಗಳಿಗೆ ನಾನೇ ಹೋಗಿ ಬಂದೆ. ಒಂದು ಮನೆಯಲ್ಲಿ ಅಜ್ಜಿ ಸಿಟ್ಟಿನಿಂದಲೇ ಮಾತಾಡಿದರು. ನಾನು ವಾದಕ್ಕಿಳಿಯಲಿಲ್ಲ. ‘ಶಾಲೆಯಲ್ಲಿ ಹೀಗೆಯೇ ನಡೆಯುವುದು, ಅಜ್ಜಿ. ನಿಮ್ಮ ಮೊಮ್ಮಗ ಹಸಿದು ಕೂತರೆ ನನಗೆ ಸಂಕಟ’ ಎಂದು ಹೇಳಿ ಎದ್ದೆ. ಹಸಿವೇ ಮುಂದಿನದನ್ನು ನೋಡಿಕೊಂಡಿತು.

ಕಸ ಗುಡಿಸುವುದರ ವಿಷಯ ಎದ್ದದ್ದು ಶನಿವಾರದ ಸಭೆಯಲ್ಲಿ. ಶನಿವಾರ ಶಾಲೆ ಬಿಡುವ ಮೊದಲು ನಾವೆಲ್ಲ ವೃತ್ತಾಕಾರವಾಗಿ ಕೂರುತ್ತೇವೆ. ಸಭೆಗೆ ಎರಡೇ ಕಟ್ಟಳೆ: ಇಲ್ಲದವರ ಮೇಲೆ ದೂರು ಹೇಳಬಾರದು, ದೂರು ಹೇಳಿದವರು ಪರಿಹಾರವನ್ನೂ ಹೇಳಬೇಕು. ಅಂದು ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಟೀಚರ್, ದಿನಾ ಬೆಳಿಗ್ಗೆ ಸಂವಿಧಾನ ಪೀಠಿಕೆಯಲ್ಲಿ ಸಮಾನತೆ ಎಂದು ಓದುತ್ತೇವೆ. ಆಮೇಲೆ ಪೊರಕೆ ಹುಡುಗಿಯರ ಕೈಗೆ, ಗಂಟೆ ಹುಡುಗರ ಕೈಗೆ’ ಎಂದಳು. ಪರಿಹಾರವನ್ನೂ ಅವಳೇ ಹೇಳಿದಳು: ಗುಡಿಸಿದ ಜೋಡಿಯೇ ಅಂದು ಗಂಟೆ ಹೊಡೆಯಬೇಕು. 2023ರಿಂದ ನಮ್ಮ ಶಾಲೆಗಳಲ್ಲಿ ಪೀಠಿಕೆ ಓದಿಸುತ್ತಿದ್ದೇವೆ. ಅದನ್ನು ಇಷ್ಟು ನೇರವಾಗಿ ಕೋಣೆಯೊಳಕ್ಕೆ ತಂದವಳು ಅವಳೇ ಮೊದಲು. ಗಂಟೆ ಹೊಡೆಯುವ ಆಸೆಗೆ ಹುಡುಗರೆಲ್ಲ ಪೊರಕೆ ಹಿಡಿದರು.

ಬಡಮಕ್ಕಳ ತರಗತಿಯಲ್ಲಿ ಜಗಳ ಹುಟ್ಟುವುದು ಬಹುತೇಕ ಪೆನ್ಸಿಲ್, ರಬ್ಬರ್, ಮೆಂಡರ್‌ಗಾಗಿ. ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರ ಕೊಡುತ್ತದೆ. ಪೆನ್ಸಿಲ್ ಅವರವರೇ ತರಬೇಕು. ಒಂದು ಬಿಸ್ಕತ್ತಿನ ಡಬ್ಬಿ ತಂದು ‘ಎಲ್ಲರ ಡಬ್ಬಿ’ ಎಂದು ಹೆಸರಿಟ್ಟೆವು. ಇದ್ದವರು ಹಾಕುವುದು, ಬೇಕಾದವರು ತೆಗೆಯುವುದು, ಸಂಜೆ ಎಣಿಸಿ ಮುಚ್ಚುವುದು. ಕಳವಿನ ದೂರುಗಳು ದೀಪಾವಳಿಯ ಹೊತ್ತಿಗೆ ನಿಂತೇ ಹೋದವು.

ಆದರೆ ಈ ಬರಹ ಬರೆಯಬೇಕೆನಿಸಿದ್ದು ಇನ್ನೊಂದು ಕಾರಣಕ್ಕೆ. ದಸರೆ ರಜೆ ಮುಗಿಯುವ ಹೊತ್ತಿಗೆ ನಮ್ಮ ಕಡೆ ಹತ್ತಿ ಒಡೆಯುತ್ತದೆ. ಬೆಳಗಾಗುವ ಮುಂಚೆಯೇ ಟಂಟಂಗಳು ಕೂಲಿಯವರನ್ನು ತುಂಬಿಕೊಂಡು ಹೊರಡುತ್ತವೆ, ಅವರ ಜೊತೆ ನನ್ನ ಮಕ್ಕಳೂ. ದೊಡ್ಡವರು ಹತ್ತಿ ಬಿಡಿಸಲು, ಹುಡುಗಿಯರು ಬದುವಿನ ಮೇಲೆ ಎಳೆಗೂಸು ನೋಡಿಕೊಳ್ಳಲು. ಮನೆ ಮನೆಗೆ ಹೋಗಿ ಕರೆದು ತರುತ್ತೇನೆ, ಕರೆಯುವುದನ್ನು ನಿಲ್ಲಿಸುವುದೂ ಇಲ್ಲ. ಆದರೂ ಜನವರಿಯವರೆಗೆ ಕೆಲವು ಜಾಗ ಖಾಲಿಯೇ. ಮರಳಿ ಬಂದ ಮಗು ಒಂದೆರಡು ದಿನ ಕೂತು, ಏನೂ ತಿಳಿಯದೆ, ಮತ್ತೆ ಹೊಲಕ್ಕೇ ಹೋಗಿಬಿಡುತ್ತದೆ. ಶಾಲೆ ಬಿಟ್ಟ ಮಕ್ಕಳಲ್ಲಿ ಎಷ್ಟೋ ಮಂದಿ ಹೀಗೆಯೇ ಮೆಲ್ಲಗೆ ಜಾರಿದವರು.

ಈ ವಿಷಯವನ್ನು ಶನಿವಾರದ ಸಭೆಯ ಮುಂದೆ ಇಟ್ಟೆ. ಬಂದ ಮೇಲೆ ಎಲ್ಲರೂ ಸೇರಿ ಕಲಿಸೋಣ ಎಂದರು ಕೆಲವರು. ಅಷ್ಟರಲ್ಲಿ ನಮಗೇ ಮರೆತು ಹೋಗಿರುತ್ತದೆ ಎಂದ ಒಬ್ಬ. ಹಾಗಾದರೆ ಬರೆದಿಡೋಣ ಎಂದಳು ಇನ್ನೊಬ್ಬಳು. ಇನ್ನೂರು ಪುಟದ ಉದ್ದ ನೋಟ್‌ಪುಸ್ತಕ ತಂದೆವು. ಮೇಲೆ ‘ಬರದವರ ಪುಸ್ತಕ’ ಎಂದು ಬರೆದರು. ದಿನಕ್ಕೊಂದು ಜೋಡಿ, ಅಂದು ತರಗತಿಯಲ್ಲಿ ಕಲಿತದ್ದನ್ನು ಬಾರದ ಗೆಳೆಯರಿಗಾಗಿ ಬರೆಯಬೇಕು.

ಆರಂಭದ ಪುಟಗಳಲ್ಲಿ ‘ಇಂದು ಗಣಿತ ಮಾಡಿದೆವು. ಕನ್ನಡ ಪದ್ಯ ಓದಿದೆವು’ ಎಂದಷ್ಟೇ ಇತ್ತು. ತಿದ್ದಬೇಕೆಂದು ಕೈ ತುರಿಸಿದರೂ ಸುಮ್ಮನಿದ್ದೆ, ಏಕೆಂದರೆ ತಿದ್ದುವವರು ಬೇರೆ ಯಾರೋ ಬರಲಿದ್ದರು. ತಮ್ಮನನ್ನು ನೋಡಿಕೊಳ್ಳಲು ಹೊಲಕ್ಕೆ ಹೋಗಿದ್ದ ಐದನೆಯ ತರಗತಿಯ ಹುಡುಗಿ ಮರಳಿದವಳೇ ಪುಸ್ತಕ ಓದಿ, ‘ಇದರಲ್ಲಿ ಯಾವ ಲೆಕ್ಕ ಎಂದೇ ಇಲ್ಲ. ಹೇಗೆ ಮಾಡಿದಿರಿ ಎಂದೂ ಇಲ್ಲ. ಓದಿ ಏನು ಮಾಡಲಿ?’ ಎಂದು ಎಲ್ಲರೆದುರು ಕೇಳಿದಳು. ಅಂದಿನಿಂದ ಬರವಣಿಗೆಯ ದಿಕ್ಕೇ ಬದಲಾಯಿತು. ಲೆಕ್ಕದ ಹಂತಗಳು ಬಂದವು, ಚಿತ್ರಗಳು ಬಂದವು, ಕಠಿಣ ಪದಗಳ ಅರ್ಥ ಬಂತು. ಪರಿಸರ ಅಧ್ಯಯನದಲ್ಲಿ ಬೇರುಗಳ ವಿಷಯ ಬಂದ ದಿನದ ಒಂದು ಪುಟವನ್ನು ನಾನು ನಕಲು ಮಾಡಿ ಇಟ್ಟುಕೊಂಡಿದ್ದೇನೆ:

‘ಇಂದು ಬೇರುಗಳ ಪಾಠ ಆಯಿತು. ಜೋಳಕ್ಕೆ ತಂತುಬೇರು, ಹತ್ತಿಗೆ ತಾಯಿಬೇರು. ಟೀಚರ್ ಜೋಳದ ಬೇರು ತಂದಿದ್ದರು, ಹತ್ತಿಯದು ತಂದಿರಲಿಲ್ಲ. ನೀನು ಇದ್ದಿದ್ದರೆ ತರುತ್ತಿದ್ದೆ. ಬರುವಾಗ ಒಂದು ಕಿತ್ತು ತಾ. ಒಣಗಿದ್ದು ಸಾಕು. ನಾವು ಅದನ್ನು ನೋಡಿಲ್ಲ, ನೀನೇ ನಮಗೆ ತೋರಿಸು.’

ಹತ್ತಿ ಬಿಡಿಸಲು ಹೋಗಿದ್ದ ಆ ಹುಡುಗ ಅದನ್ನು ತಂದ. ಬುಡದಿಂದ ನೆಟ್ಟಗೆ ಇಳಿದ ಬೇರು, ಅದರ ಮಣ್ಣೂ ಹಾಗೆಯೇ ಇತ್ತು. ವಾರಗಟ್ಟಲೆ ಶಾಲೆ ತಪ್ಪಿಸಿದ ಹುಡುಗ ಅಂದು ನಲಿಕಲಿ ಕಾಲದಿಂದ ಉಳಿದಿದ್ದ ನೆಲಮಟ್ಟದ ಕಪ್ಪುಹಲಗೆಯ ಮುಂದೆ ಕೂತು ಅದರ ಚಿತ್ರ ಬರೆದು, ಗಿಡ ಕೀಳುವಾಗ ಎಷ್ಟು ಬಲ ಬೇಕು ಎಂಬುದನ್ನೂ ಹೇಳಿದ. ಅಷ್ಟೂ ದಿನ ಹಿಂದೆ ಬಿದ್ದವನು ಎಂದು ಎಲ್ಲರೂ ತಿಳಿದಿದ್ದ ಹುಡುಗನ ಬಳಿ ತರಗತಿಗೆ ಬೇಕಾದದ್ದು ಒಂದಿತ್ತು.

ಅದೇ ಹುಡುಗನಿಂದ ಗಣಿತದಲ್ಲೂ ನಮಗೊಂದು ಲಾಭವಾಯಿತು. 503ರಿಂದ 268 ಕಳೆಯುವ ಲೆಕ್ಕ. ನಡುವೆ ಸೊನ್ನೆ ಬಂದರೆ ನಾಲ್ಕನೇ ತರಗತಿಯ ಅರ್ಧ ಮಕ್ಕಳು ತಡವರಿಸುತ್ತಾರೆ. ಹತ್ತರ ಸ್ಥಾನದಲ್ಲಿ ಏನೂ ಇಲ್ಲದಿದ್ದರೆ ಎರವಲು ಯಾರಿಂದ ತರುವುದು? ಗಣಿತ ಕಿಟ್ಟಿನ ಸಾಮಗ್ರಿ ಹರಡಿಕೊಂಡು ಬಿಡಿಸಿ ತೋರಿಸಿದರೂ ಕೆಲವರಿಗೆ ಹಾಳೆಯ ಮೇಲೆ ಬರುವಾಗ ತಪ್ಪುತ್ತಿತ್ತು. ಅವನು ಪೆನ್ಸಿಲ್ ಮುಟ್ಟದೆ, ‘ಇನ್ನೂರ ಮೂವತ್ತೈದು’ ಎಂದ. ಹೇಗೆ ಎಂದು ಅವನ ಜೋಡಿಯ ಹುಡುಗಿ ಕೇಳಿದಳು. ‘ಇನ್ನೂರ ಅರವತ್ತೆಂಟಕ್ಕೆ ಮೂವತ್ತೆರಡು ಹಾಕಿದರೆ ಮುನ್ನೂರು. ಮುನ್ನೂರರಿಂದ ಐನೂರ ಮೂರಕ್ಕೆ ಇನ್ನೂರ ಮೂರು. ಎರಡನ್ನೂ ಕೂಡಿಸು.’ ಹತ್ತಿ ತೂಕ ಹಾಕಿ ಕೂಲಿ ಎಣಿಸುವಾಗ ಅವನ ಅವ್ವ ಮಾಡುವ ಲೆಕ್ಕವಂತೆ ಅದು. ಅವ್ವ 38 ಕಿಲೋ, ಅಕ್ಕ 24, ತಾನು 9. ಕಿಲೋಗೆ 10 ರೂಪಾಯಿಯಂತೆ 710. ಮುಂಗಡ 500 ಕಳೆದರೆ ಕೈಗೆ 210. ಅವನು ಇದನ್ನು ಒಂದೇ ಉಸಿರಿಗೆ ಹೇಳಿದಾಗ ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ಒಂಬತ್ತು ಕಿಲೋ ಹತ್ತಿ ಬಿಡಿಸುವುದು ಆ ವಯಸ್ಸಿನ ಕೈಗಳ ಕೆಲಸವಲ್ಲ. ಅವನ ಲೆಕ್ಕದ ಜಾಣ್ಮೆಯನ್ನು ಮೆಚ್ಚಿ ಅವನ ಕೂಲಿಯನ್ನು ಒಪ್ಪಿಕೊಂಡಂತೆ ಆಗಬಾರದು ಎಂಬ ಎಚ್ಚರ ನನಗೆ ಸದಾ ಇದೆ. ಅಂದು ಸಂಜೆಯೇ ಅವನ ಅವ್ವನನ್ನು ಕಂಡು, ಮಗನ ಲೆಕ್ಕ ಇಡೀ ತರಗತಿಗೆ ಪಾಠವಾದ ಸುದ್ದಿ ಹೇಳಿದೆ. ಆಕೆ ಮಾತಾಡಲಿಲ್ಲ. ಆದರೆ ಆಮೇಲೆ ಅವನು ಗೈರಾದದ್ದು ಕಡಿಮೆ. ಅವನ ವಿಧಾನ ಈಗ ನಮ್ಮ ಗೋಡೆಯ ಮೇಲೆ ಚಾರ್ಟ್ ಆಗಿದೆ. ಪಠ್ಯದ ವಿಧಾನವನ್ನೂ ಕಲಿಸುತ್ತೇನೆ, ಇದನ್ನೂ ಕಲಿಸುತ್ತೇನೆ.

ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಕುಟುಂಬದ ಮಗುವಿಗೆ ಪುಸ್ತಕ ತಲುಪಿಸುವುದು ಹೇಗೆ ಎಂಬ ಪ್ರಶ್ನೆಯೂ ಬಂತು. ಮಕ್ಕಳು ಹೇಳಿದಂತೆ ಪುಟಗಳ ಫೋಟೊ ತೆಗೆದು ಅವನ ತಂದೆಯ ಮೊಬೈಲಿಗೆ ವಾಟ್ಸ್‌ಆ್ಯಪ್ ಮಾಡುತ್ತಿದ್ದೆ. ಕೆಲವು ಸಂಜೆ ಅವನ ಉತ್ತರ ಧ್ವನಿಸಂದೇಶವಾಗಿ ಬರುತ್ತಿತ್ತು, ಮರುದಿನ ಎಲ್ಲರೂ ಸುತ್ತ ಕೂತು ಕೇಳುತ್ತಿದ್ದರು. ಇದರಿಂದ ಅವನ ಕಲಿಕೆ ಪೂರ್ತಿ ಉಳಿಯಿತು ಎನ್ನಲಾರೆ. ಭಿನ್ನರಾಶಿಯನ್ನು ಫೋಟೊ ನೋಡಿ ಕಲಿಯಲಾಗದು. ಆದರೆ ಯುಗಾದಿಗೆ ಊರಿಗೆ ಬಂದವನು ಮಾರನೆಯ ದಿನವೇ ಶಾಲೆಗೆ ಬಂದ. ಹಿಂದಿನ ವರ್ಷ ಅವನನ್ನು ಕರೆತರಲು ನಾನು ಬಹಳ ಅಲೆದಿದ್ದೆ.

ಎಲ್ಲರೂ ಇದನ್ನು ಮೆಚ್ಚಿದರು ಎಂದೇನಿಲ್ಲ. ತರಗತಿಯಲ್ಲಿ ಚೆನ್ನಾಗಿ ಓದುವ ಹುಡುಗಿಯ ತಂದೆ ಶಾಲೆಗೆ ಬಂದು, ‘ಮೇಡಂ, ನನ್ನ ಮಗಳು ನವೋದಯ ಪರೀಕ್ಷೆ ಬರೆಯಬೇಕು, ಮೊರಾರ್ಜಿ ಪರೀಕ್ಷೆ ಬರೆಯಬೇಕು. ಬೇರೆಯವರಿಗೆ ಕಲಿಸುತ್ತಾ ಕೂತರೆ ಅವಳ ಓದಿನ ಗತಿ ಏನು?’ ಎಂದರು. ಅವರ ಆತಂಕ ಪೊಳ್ಳಲ್ಲ. ಹಳ್ಳಿಯ ಮಗುವಿಗೆ ಆರನೇ ತರಗತಿಯಿಂದ ಒಳ್ಳೆಯ ವಸತಿ ಶಾಲೆ ಸಿಗಲು ಆ ಪರೀಕ್ಷೆಗಳು ದೊಡ್ಡ ಬಾಗಿಲು. ಒಂದು ಅವಧಿ ಕೂತು ನೋಡಿ ಎಂದು ಕೇಳಿಕೊಂಡೆ. ಅಂದು ಅವಳು ತನ್ನ ಜೋಡಿಯ ಹುಡುಗನಿಗೆ ಅರ್ಧ ದೊಡ್ಡದೋ ಮೂರನೇ ಒಂದು ಭಾಗ ದೊಡ್ಡದೋ ಎಂದು ಹೇಳಿಕೊಡುತ್ತಿದ್ದಳು. ‘ಮೂರು ಎರಡಕ್ಕಿಂತ ದೊಡ್ಡದಲ್ಲವೇ?’ ಎಂದು ಅವನು ಕೇಳಿದ. ಉತ್ತರ ಅವಳಿಗೆ ಗೊತ್ತಿತ್ತು, ಕಾರಣ ಹೇಳಲು ಬರಲಿಲ್ಲ. ಕಾಗದ ಮಡಚಿ, ಹರಿದು, ಮತ್ತೊಂದು ಮಡಚಿ, ಕೊನೆಗೆ ‘ಹಂಚಿಕೊಳ್ಳುವವರು ಹೆಚ್ಚಾದರೆ ಪಾಲು ಚಿಕ್ಕದಾಗುತ್ತದೆ’ ಎಂದಳು. ತಂದೆ ಅಲ್ಲಿಯೇ ಕೂತು ನೋಡಿದರು. ಅವರ ಮಾತಿನಲ್ಲಿದ್ದ ನ್ಯಾಯವನ್ನು ನಾನೂ ಒಪ್ಪಿ, ಪರೀಕ್ಷೆ ಬರೆಯುವ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಪ್ರತ್ಯೇಕವಾಗಿ ಕಠಿಣ ಲೆಕ್ಕಗಳನ್ನು ಹೇಳಿಕೊಟ್ಟೆ. ಸಹಕಲಿಕೆಯ ಹೆಸರಿನಲ್ಲಿ ಮುಂದೆ ಓಡಬಲ್ಲ ಮಗುವನ್ನು ಕಟ್ಟಿಹಾಕುವುದೂ ತಪ್ಪೇ.

ಮೌಲ್ಯಮಾಪನದ ಬಗ್ಗೆ ಒಂದು ಮಾತು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ ಮಕ್ಕಳ ಮನೋಭಾವ, ಮೌಲ್ಯಗಳಿಗೂ ದರ್ಜೆ ಬರೆಯುತ್ತೇವೆ. ದರ್ಜೆ ಬರೆದೆ, ಬರೆಯಲೇಬೇಕು. ಆದರೆ ಕರುಣೆಗೆ ‘ಎ ಪ್ಲಸ್’ ಹಾಕುವುದು ಹೇಗೆ? ಹಾಗಾಗಿ ಪ್ರತಿ ಮಗುವಿನ ಕೃತಿಸಂಪುಟದಲ್ಲಿ (ಮಗುವಿನ ಕೆಲಸಗಳನ್ನು ಕೂಡಿಡುವ ಕಡತದಲ್ಲಿ) ನಡೆದ ಘಟನೆಯನ್ನೇ ಎರಡು ಸಾಲಿನಲ್ಲಿ ದಿನಾಂಕದೊಡನೆ ಬರೆದಿಟ್ಟೆ. ಯಾರು ಯಾರಿಗೆ ಏನು ಕಲಿಸಿದರು, ಯಾರು ಯಾವ ಜಗಳ ಬಗೆಹರಿಸಿದರು ಎಂದು. ಏಪ್ರಿಲ್ 10ರ ‘ಸಮುದಾಯದತ್ತ ಶಾಲೆ’ ದಿನ ಪೋಷಕರ ಮುಂದೆ ಫಲಿತಾಂಶದ ಜೊತೆಗೆ ಆ ಸಾಲುಗಳನ್ನೂ ಓದಿದೆ. ಅಂಕಪಟ್ಟಿ ಓದುವಾಗ ಮೊಬೈಲ್ ನೋಡುತ್ತಿದ್ದವರು ಈ ಸಾಲುಗಳಿಗೆ ತಲೆಯೆತ್ತಿದರು.

ಇದನ್ನು ತಮ್ಮ ಶಾಲೆಯಲ್ಲಿ ಮಾಡಬೇಕೆನ್ನುವವರಿಗೆ ನಾನು ಹೇಳುವುದಿಷ್ಟು. ಪುಸ್ತಕವನ್ನು ಹತ್ತಿ ಒಡೆದ ಮೇಲೆ ಶುರು ಮಾಡಬೇಡಿ, ಜೂನ್ ಮೊದಲ ವಾರದಲ್ಲೇ ಶುರು ಮಾಡಿ. ಜ್ವರ ಬಂದು ಎರಡು ದಿನ ತಪ್ಪಿಸಿದ ಮಗುವಿಗೂ ಅದು ಬೇಕಾಗುತ್ತದೆ, ದಸರೆಯ ಹೊತ್ತಿಗೆ ಬರೆಯುವ ಕೈ ಪಳಗಿರುತ್ತದೆ. ಕೆಂಪು ಶಾಯಿಯಲ್ಲಿ ತಿದ್ದಬೇಡಿ. ಓದುವ ಮಗುವೇ ಪ್ರಶ್ನೆ ಕೇಳಲಿ. ಮರಳಿ ಬಂದವರು ಓದಿ ಮುಗಿಸಿದ ಪುಟದ ಕೆಳಗೆ ತಮಗೆ ತಿಳಿಯದ್ದನ್ನು ಬರೆಯಲು ನಾಲ್ಕು ಗೆರೆ ಖಾಲಿ ಬಿಡಿಸಿ. ಇದು ಈ ವರ್ಷ ಮಕ್ಕಳೇ ಸೇರಿಸಿದ ನಿಯಮ. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ, ಮಕ್ಕಳ ಕೈಗೆ ಸಿಗುವ ಕಡೆ ತೂಗುಹಾಕಿ.