ಕೊನೆಯ ಎಂಟು ಸೆಕೆಂಡ್: ನಮ್ಮ ಹುಡುಗರಿಗೆ ಸೋಲೋದನ್ನು ಅಭ್ಯಾಸ ಮಾಡಿಸಿದ್ದು ಹೀಗೆ

ಚೆನ್ನಾಗಿ ಸೋಲೋದನ್ನೂ ಬ್ಯಾಸ್ಕೆಟ್‌ಬಾಲ್‌ನ ಲೇಅಪ್ (ಓಡಿಬಂದು ಬುಟ್ಟಿಯ ಪಕ್ಕದಿಂದ ಚೆಂಡು ಹಾಕೋದು) ಥರಾನೇ ಅಭ್ಯಾಸ ಮಾಡಿಸಬಹುದು. ಬುದ್ಧಿ ಹೇಳಿದರೆ ಅದು ಬರಲ್ಲ, ದಂಡ ಹಾಕಿದರೂ ಬರಲ್ಲ. ಎರಡು ಮೂರು ಸೀಸನ್ ತಲೆ ಕೆಡಿಸಿಕೊಂಡು, ಕೈಯಿಂದ ಸುಮಾರು ದುಡ್ಡು ಹಾಕಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಾನಿರೋದು ಡೆಟ್ರಾಯ್ಟ್ ಪಕ್ಕದ ಊರೊಂದರಲ್ಲಿ. ಹಗಲು ಕಾರಿನ ಕೆಲಸ, ಸಂಜೆ ಹನ್ನೊಂದು-ಹನ್ನೆರಡು ವರ್ಷದ ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡ. ಅದರಲ್ಲಿ ಅರ್ಧ ಜನ ನಮ್ಮ ಕಡೆಯ ಮನೆಗಳ ಮಕ್ಕಳೇ. ಆಟ ಚೆನ್ನಾಗಿತ್ತು. ಸೋಲು ಮಾತ್ರ ಅರಗುತ್ತಿರಲಿಲ್ಲ. ಚೆಂಡನ್ನು ಗೋಡೆಗೆ ಒದೆಯೋರು, ರೆಫ್ರಿ ಮೇಲೆ ಕೂಗಾಡೋರು, ಕೈ ಕೊಡದೆ ಬ್ಯಾಗ್ ಎತ್ತಿಕೊಂಡು ಕಾರಿಗೆ ಓಡೋರು. ಮೊದಲ ಸೀಸನ್‌ನಲ್ಲಿ ಟೆಕ್ನಿಕಲ್ ಫೌಲ್‌ಗಳೇ (ಕೆಟ್ಟ ನಡತೆಗೆ ರೆಫ್ರಿ ಕೊಡೋವು) ಹತ್ತರ ಹತ್ತಿರ ಬಂದಿದ್ದವು. ಆ ವಯಸ್ಸಿನ ಮಕ್ಕಳಿಗೆ ಅದು ತುಂಬಾ ಜಾಸ್ತಿ.

ಸೋಲಿಗೂ ಒಂದು ಡ್ರಿಲ್ ಮಾಡಿಸ್ತೀನಿ ಅಂದಾಗ ಮೈಸೂರು ಕಡೆಯ ಒಬ್ಬ ತಂದೆ ನೇರವಾಗಿಯೇ ಹೇಳಿದರು, "ಸಾರ್, ಗೆಲ್ಲೋದು ಕಲಿಸಿ. ಸೋಲೋದು ತಾನಾಗೇ ಬರುತ್ತೆ." ಇನ್ನೊಬ್ಬ ಕೋಚ್, ಇಲ್ಲೇ ಹುಟ್ಟಿ ಬೆಳೆದವರು, ಹುಡುಗರು ಮೆತ್ತಗಾಗಿಬಿಡ್ತಾರೆ ಎಂದರು. ಇಬ್ಬರೂ ಈಗ ಮಾತು ಬದಲಿಸಿದ್ದಾರೆ.

ಮೊದಲು ಏನೇನು ಕೆಲಸ ಮಾಡಲಿಲ್ಲ ಅನ್ನೋದನ್ನು ಹೇಳಿಬಿಡುತ್ತೇನೆ, ನಿಮ್ಮ ದುಡ್ಡಾದರೂ ಉಳಿಯಲಿ. ಪಂದ್ಯ ಮುಗಿದ ಮೇಲೆ ಐದು ನಿಮಿಷ ಭಾಷಣ: ಯಾರೂ ಕೇಳಲಿಲ್ಲ. ಸೋತ ಹುಡುಗನ ಕಿವಿ ಆಗ ಮುಚ್ಚಿರುತ್ತೆ. "ಒಳ್ಳೆ ನಡತೆ"ಗೆ ಪದಕ ಅಂತ ಮಾಡಿಸಿದೆ, ಇನ್ನೂರು ಡಾಲರ್ ಹತ್ತಿರ ಆಯಿತು. ಪದಕ ಸಿಕ್ಕವನನ್ನು ಉಳಿದವರು ಆಡಿಕೊಂಡರು. ಮನಶ್ಶಾಸ್ತ್ರ ಓದಿದವರೊಬ್ಬರನ್ನು ಒಂದು ಗಂಟೆಗೆ ಕರೆಸಿದೆ, ನೂರೈವತ್ತು ಡಾಲರ್. ಅವರು ಹೇಳಿದ್ದೆಲ್ಲ ಸರಿ ಇತ್ತು. ಆದರೆ ಮುಂದಿನ ಶನಿವಾರ ಅದೇ ಹುಡುಗ ಅದೇ ಗೋಡೆಗೆ ಒದ್ದ.

ದಂಡದ ಡಬ್ಬಿಯ ಕಥೆ ಇನ್ನೂ ಚೆನ್ನಾಗಿದೆ. ಕೈ ಕೊಡದೆ ಹೋದರೆ ಒಂದು ಡಾಲರ್ ಅಂತ ನಿಯಮ. ಎರಡನೇ ವಾರ ಒಬ್ಬ ಹುಡುಗ ಪಂದ್ಯಕ್ಕೆ ಮುಂಚೆಯೇ ಐದು ಡಾಲರ್ ನೋಟು ತಂದು ಡಬ್ಬಿಗೆ ಹಾಕಿ, "ಇವತ್ತಿಂದು ಅಡ್ವಾನ್ಸ್, ಕೋಚ್" ಅಂದ. ನಮ್ಮಲ್ಲಿ ಜಾಸ್ತಿ ಪಾಯಿಂಟ್ ಹಾಕೋನು ಅವನೇ. ಲೆಬ್ರಾನ್ ಜೇಮ್ಸ್ ಅಂದರೆ ಪ್ರಾಣ. 2009ರಲ್ಲಿ ಅವರ ಕ್ಲೀವ್‌ಲ್ಯಾಂಡ್ ತಂಡ ಸೀಸನ್‌ನಲ್ಲಿ 66 ಪಂದ್ಯ ಗೆದ್ದು ಬಂದು, ಪ್ಲೇಆಫ್ (ನಾಕೌಟ್ ಹಂತ) ಸರಣಿಯಲ್ಲಿ ಒರ್ಲ್ಯಾಂಡೊ ಎದುರು ಆರನೇ ಪಂದ್ಯದಲ್ಲಿ ಸೋತಾಗ, ಲೆಬ್ರಾನ್ ಯಾರಿಗೂ ಕೈ ಕೊಡದೆ, ಪತ್ರಕರ್ತರನ್ನೂ ನೋಡದೆ ಹೊರಟುಹೋಗಿದ್ದು ಅವನಿಗೆ ಗೊತ್ತಿತ್ತು. ನಾನು ಗೆಲ್ಲೋನು, ಸೋಲಿಸಿದವರನ್ನು ಅಭಿನಂದಿಸೋದು ನನಗೆ ಕಷ್ಟ ಅಂತ ಮಾರನೇ ದಿನ ಲೆಬ್ರಾನ್ ಹೇಳಿದ್ದನ್ನೂ ಬಾಯಿಪಾಠ ಮಾಡಿದ್ದ. ಪತ್ರಕರ್ತರನ್ನು ಭೇಟಿ ಮಾಡದ್ದಕ್ಕೆ ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್, 25,000 ಡಾಲರ್ ದಂಡ ಹಾಕಿತ್ತು. ಅಷ್ಟು ದೊಡ್ಡ ಆಟಗಾರನಿಗೆ ಅದೊಂದು ದಂಡವೇ ಅಲ್ಲ. ನನ್ನ ಡಬ್ಬಿಯೂ ಅಷ್ಟೇ ಅಂತ ಅವತ್ತೇ ಗೊತ್ತಾಯಿತು. ಡಬ್ಬಿಯಲ್ಲಿದ್ದದ್ದಕ್ಕೆ ಪಿಜ್ಜಾ ತರಿಸಿ ಕೈ ತೊಳೆದುಕೊಂಡೆ.

ದಾರಿ ಸಿಕ್ಕಿದ್ದು ನಮ್ಮೂರಿನ ಹಳೇ ಜಗಳದಿಂದ. ಡೆಟ್ರಾಯ್ಟ್‌ನಲ್ಲಿ ಸೋಲಿನ ಮಾತೆತ್ತಿದರೆ 1991 ಬಂದೇ ಬರುತ್ತೆ. ಕೆಲಸದ ಕಡೆ ಐವತ್ತು ದಾಟಿದವರು ಊಟದ ಹೊತ್ತಿನಲ್ಲಿ ಇವತ್ತಿಗೂ ಅದಕ್ಕೆ ವಾದ ಮಾಡುತ್ತಾರೆ. ಮೇ 27, ಆಬರ್ನ್ ಹಿಲ್ಸ್‌ನ ಪ್ಯಾಲೇಸ್ ಕ್ರೀಡಾಂಗಣ. ಎರಡು ವರ್ಷ ಸತತ ಚಾಂಪಿಯನ್ ಆಗಿದ್ದ ನಮ್ಮ ಡೆಟ್ರಾಯ್ಟ್ ಪಿಸ್ಟನ್ಸ್ ತಂಡ ಪ್ಲೇಆಫ್ ಸರಣಿಯ ನಾಲ್ಕಕ್ಕೆ ನಾಲ್ಕೂ ಪಂದ್ಯ ಶಿಕಾಗೊ ಬುಲ್ಸ್‌ಗೆ ಸೋಲುತ್ತಿತ್ತು. ಇನ್ನೂ 7.9 ಸೆಕೆಂಡ್ ಆಟ ಬಾಕಿ. ಅಷ್ಟರಲ್ಲಿ ಪಿಸ್ಟನ್ಸ್‌ನ ಐಸಾಯಾ ಥಾಮಸ್, ಬಿಲ್ ಲೇಂಬೀರ್ ಮತ್ತಿತರರು ಎದ್ದು, ಬುಲ್ಸ್ ಬೆಂಚಿನ ಮುಂದೆಯೇ, ಮೈಕೆಲ್ ಜೋರ್ಡನ್ ಕಡೆ ತಿರುಗಿಯೂ ನೋಡದೆ ಒಳಗೆ ಹೋಗಿಬಿಟ್ಟರು. ಹಿಂದಿನ ಮೂರು ವರ್ಷ ಇದೇ ಪಿಸ್ಟನ್ಸ್‌ಗೆ ಸೋತಾಗ ಜೋರ್ಡನ್ ಕೈ ಕೊಟ್ಟೇ ಹೋಗಿದ್ದವರು.

ಐಸಾಯಾ ಪರವಾಗಿಯೂ ಮಾತಿದೆ. 1988ರಲ್ಲಿ ಪಿಸ್ಟನ್ಸ್ ಎದುರು ಬಾಸ್ಟನ್ ಸೆಲ್ಟಿಕ್ಸ್ ಆರನೇ ಪಂದ್ಯ ಸೋತಾಗ ಸೆಲ್ಟಿಕ್ಸ್‌ನವರೂ ಆಟ ಮುಗಿಯೋ ಮೊದಲೇ ಹೊರಟಿದ್ದರು, ಆ ಕಾಲದಲ್ಲಿ ಅದೇ ರೂಢಿ ಅನ್ನೋದು ಐಸಾಯಾ ವಾದ. ನಿಜವೇ. ಆದರೆ ಅವತ್ತೂ ಸೆಲ್ಟಿಕ್ಸ್‌ನ ಕೆವಿನ್ ಮಕ್‌ಹೇಲ್ ನಿಂತು ಐಸಾಯಾಗೇ ಶುಭ ಹಾರೈಸಿ ಹೋಗಿದ್ದರು. 1991ರಲ್ಲಿ ಅದೇ ಕೆಲಸ ಮಾಡಿದವರು ಪಿಸ್ಟನ್ಸ್‌ನ ಜೋ ಡುಮಾರ್ಸ್ ಮತ್ತು ಜಾನ್ ಸ್ಯಾಲಿ. ಒಂದೇ ತಂಡ, ಒಂದೇ ಸೋಲು, ಅದೇ ಎಂಟು ಸೆಕೆಂಡ್.

ನಾನು ಹುಡುಗರಿಗೆ ತೋರಿಸಿದ್ದು 1991ರ ಆ ಎಂಟು ಸೆಕೆಂಡಿನ ವಿಡಿಯೊ ತುಣುಕು ಮಾತ್ರ, ಧ್ವನಿ ಇಲ್ಲದೆ, ನಾಲ್ಕೈದು ಸಲ. ಯಾರು ಸರಿ ಯಾರು ತಪ್ಪು ಅಂತ ಹೇಳಲಿಲ್ಲ. "ನಂಬರ್ 4 ಏನು ಮಾಡ್ತಾರೆ ನೋಡಿ" ಅಂದೆ ಅಷ್ಟೇ. ಡುಮಾರ್ಸ್ ಅಂಗಿಯ ನಂಬರ್ ಅದು. ಒಬ್ಬ ಪುಟ್ಟ ಹುಡುಗ ಕೇಳಿದ, "ಅವರಿಗೆ ಸಿಟ್ಟು ಬಂದಿರಲಿಲ್ವಾ?" ಬಂದಿರದೆ ಇರುತ್ತಾ! ಎನ್‌ಬಿಎಯಲ್ಲಿ ಕ್ರೀಡಾ ಮನೋಭಾವಕ್ಕೆ ಕೊಡೋ ಪ್ರಶಸ್ತಿಯ ಟ್ರೋಫಿಗೆ ಈಗ ಜೋ ಡುಮಾರ್ಸ್ ಅವರದೇ ಹೆಸರಿದೆ. 1996ರಲ್ಲಿ ಅದು ಮೊದಲು ಸಿಕ್ಕಿದ್ದೂ ಅವರಿಗೇ. ಕೊನೆಯ ಮತ ಹಾಕೋರು ಆಟಗಾರರೇ. ಎದುರಾಳಿಗಳೇ ಮತ ಹಾಕ್ತಾರೆ ಅನ್ನೋದು ಹುಡುಗರಿಗೆ ಬಹಳ ಹಿಡಿಸಿತು.

ಆ ತುಣುಕಿನಿಂದ ನನಗೆ ಹೊಳೆದದ್ದು ಇದು. ಎಲ್ಲ ನಡೆಯೋದು ಬಜರ್ (ಆಟ ಮುಗಿದ ಸದ್ದು) ಆದಮೇಲೆ ಅಲ್ಲ, ಅದಕ್ಕೆ ಮುಂಚೆ. ಸೋಲು ಖಾತ್ರಿಯಾದ ಮೇಲೂ ಗಡಿಯಾರ ಓಡುತ್ತಿರುತ್ತಲ್ಲ, ಆ ಹೊತ್ತಿನಲ್ಲಿ. ಆ ಹೊತ್ತು ನಾವು ಯಾರೂ ಪ್ರಾಕ್ಟೀಸ್ ಮಾಡಿಸಲ್ಲ.

ಹಾಗಾಗಿ ಪ್ರತಿ ಅಭ್ಯಾಸದ ಕೊನೆಯ ಹತ್ತು ನಿಮಿಷ ಇದಕ್ಕೇ ಇಟ್ಟೆ. ಬೋರ್ಡ್ ಮೇಲೆ ಎಂಟು ಸೆಕೆಂಡ್. ಒಂದು ಕಡೆ ಆರು ಪಾಯಿಂಟ್ ಹಿಂದೆ, ಚೆಂಡೂ ಎದುರಾಳಿ ಕೈಯಲ್ಲಿ. ಗೆಲ್ಲೋ ದಾರಿಯೇ ಇಲ್ಲ. ಆದರೂ ಡಿಫೆನ್ಸ್‌ನಲ್ಲಿ ಮಂಡಿ ಬಗ್ಗಿರಬೇಕು, ಸುಮ್ನೆ ಫೌಲ್ ಮಾಡಬಾರದು, ಬಜರ್ ಆಗೋವರೆಗೂ ಅಂಗಳ ಬಿಡಬಾರದು. ಬೆಂಚಿನಲ್ಲಿರೋರು ನಿಂತಿರಬೇಕು. ಬಜರ್ ಆದ ಕೂಡಲೇ ತಾನು ಕಾವಲು ಕಾದ ಹುಡುಗನನ್ನು ಹುಡುಕಿಕೊಂಡು ಹೋಗಬೇಕು. ಕೈ ಕೊಟ್ಟು, ಮುಖ ನೋಡಿ, ಅವನ ಆಟದ ಬಗ್ಗೆ ಒಂದೇ ಒಂದು ನಿಜವಾದ ಮಾತು ಹೇಳಬೇಕು. "ಗುಡ್ ಗೇಮ್" ಅನ್ನಂಗಿಲ್ಲ. "ನಿನ್ನ ಎಡಗೈ ಡ್ರಿಬಲ್ ಹಿಡಿಯೋಕಾಗಲಿಲ್ಲ" ಅಂದರೆ ಲೆಕ್ಕಕ್ಕೆ ಬರುತ್ತೆ. ಅದನ್ನು ಹೇಳಬೇಕು ಅಂದರೆ ಆಟದ ಪೂರ್ತಿ ಎದುರಾಳಿಯನ್ನು ಗಮನಿಸಿರಬೇಕು. ಇದರಿಂದ ನಮ್ಮ ಡಿಫೆನ್ಸೇ ಸುಧಾರಿಸಿತು, ನಾನು ಅದನ್ನು ಎಣಿಸಿರಲಿಲ್ಲ.

ಎರಡೂ ತಂಡ ಸಾಲಾಗಿ ನಿಂತು ಕೈ ಕೊಡೋದು ಬೇಡ ಅಂತ ಬಿಟ್ಟಿದ್ದಕ್ಕೂ ಕಾರಣ ಇದೆ. ಸಾಲಿನಲ್ಲಿ ಮಕ್ಕಳು ನೆಲ ನೋಡಿಕೊಂಡು ಅಂಗೈ ಸವರಿಕೊಂಡು ಹೋಗಿಬಿಡುತ್ತಾರೆ. ಪಕ್ಕದ ಮನೆಯವರು ಹಾಕಿ ಕೋಚ್. ಐಸ್ ಹಾಕಿಯಲ್ಲಿ ಪ್ಲೇಆಫ್ ಸರಣಿ ಮುಗಿದಾಗ ಎರಡೂ ತಂಡ ಸಾಲಾಗಿ ಕೈ ಕುಲುಕೋ ಪದ್ಧತಿ ಇದೆ, ಅದನ್ನೇ ಮಾಡಿಸು ಅಂತ ಅವರ ಹಟ. ಒಂದೆರಡು ತಿಂಗಳು ಮಾಡಿಸಿಯೂ ನೋಡಿದೆ. ಎನ್‌ಬಿಎಯಲ್ಲಿ ಅಂಥ ಸಾಲಿಲ್ಲ, ಆಟಗಾರರೇ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಹುಡುಗರಿಗೆ ಇದೇ ಒಗ್ಗಿತು.

ಮೊದಮೊದಲು ನಗು, ತಮಾಷೆ. ನಾಲ್ಕನೇ ವಾರದ ಹೊತ್ತಿಗೆ ನಗು ನಿಂತಿತು. ಆದರೆ ನಮ್ಮ "ಅಡ್ವಾನ್ಸ್" ಹುಡುಗ ಮಾತ್ರ ಕೈ ಕೊಡುವಾಗ ಹಲ್ಲು ಕಚ್ಚಿಕೊಂಡು ನಡುಗುತ್ತಿದ್ದ. ಸಿಟ್ಟು ಎಲ್ಲಿಗಾದರೂ ಹೋಗಬೇಕಲ್ವಾ? ಅವನಿಗೆ ನಾನು ಟಿಮ್ ಡಂಕನ್ ತೋರಿಸಿದೆ. 2013ರ ಫೈನಲ್ಸ್, ಮಯಾಮಿ ಎದುರು ಏಳನೇ ಪಂದ್ಯ. ಒಂದು ನಿಮಿಷಕ್ಕಿಂತ ಕಮ್ಮಿ ಇದ್ದಾಗ, ಅವರ ಸ್ಪರ್ಸ್ ತಂಡ ಬರೀ ಎರಡು ಪಾಯಿಂಟ್ ಹಿಂದಿದ್ದಾಗ, ಡಂಕನ್ ಹೂಪ್ ಪಕ್ಕದಿಂದಲೇ ಹಾಕಿದ ಚೆಂಡು ತಪ್ಪಿತು, ಮತ್ತೆ ತಟ್ಟಿದ್ದೂ ತಪ್ಪಿತು. ಎರಡೂ ಕೈಯಿಂದ ನೆಲಕ್ಕೆ ಬಡಿದರು. ಮುಖ ಯಾವತ್ತೂ ಕಲ್ಲಿನ ಥರ ಇಟ್ಟುಕೊಳ್ಳೋ ಮನುಷ್ಯ! 95-88ಕ್ಕೆ ಸೋತ ಮೇಲೆ ಹೋಗಿ ಲೆಬ್ರಾನ್‌ರನ್ನು ತಬ್ಬಿಕೊಂಡರು. ಆ ಏಳನೇ ಪಂದ್ಯ ತನ್ನನ್ನು ಯಾವತ್ತೂ ಕಾಡುತ್ತೆ ಅಂತ ಆಮೇಲೆ ಬಾಯಿಬಿಟ್ಟು ಹೇಳಿದರು. ಮುಂದಿನ ವರ್ಷ ಅದೇ ಮಯಾಮಿಯನ್ನು 4-1ರಿಂದ ಸೋಲಿಸಿದರು, ಆಗ ಬಂದು ತಬ್ಬಿಕೊಂಡಿದ್ದು ಲೆಬ್ರಾನ್. 2009ರಲ್ಲಿ ಕೈ ಕೊಡದೆ ಹೋದ ಅದೇ ಲೆಬ್ರಾನ್.

ಅವತ್ತಿನಿಂದ ಡ್ರಿಲ್‌ಗೆ ಒಂದು ನಿಯಮ ಸೇರಿತು: ನೆಲಕ್ಕೆ ಒಂದು ಏಟು ಹೊಡೆಯಬಹುದು. ಎರಡೂ ಕೈಯಿಂದ, ಎಷ್ಟು ಜೋರಾಗಿ ಬೇಕಾದರೂ. ಒಂದೇ ಸಲ. ಆಮೇಲೆ ಎದ್ದು ಹೋಗಿ ಕೈ ಕೊಡಬೇಕು. ಇಡೀ ವಿಧಾನದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಇದೇ ಅಂತ ಧೈರ್ಯವಾಗಿ ಹೇಳುತ್ತೇನೆ. ಚೆನ್ನಾಗಿ ಸೋಲೋನಿಗೆ ನೋವು ಕಮ್ಮಿ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಡಂಕನ್ ನೋಡಿದ ಮೇಲೆ ಆ ಯೋಚನೆ ಹೋಯಿತು.

ಇದರ ಜೊತೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. 2007ರಲ್ಲಿ ಡಲ್ಲಾಸ್ 67 ಪಂದ್ಯ ಗೆದ್ದು ಬಂದು ಎಂಟನೇ ಸ್ಥಾನದ ಗೋಲ್ಡನ್ ಸ್ಟೇಟ್‌ಗೆ ಮೊದಲ ಸುತ್ತಿನಲ್ಲೇ ಸೋತಾಗ, ಆ ತಂಡದ ಡರ್ಕ್ ನೊವಿಟ್ಸ್‌ಕಿ ಒಳಗಿನ ಓಣಿಯಲ್ಲಿ ಕಸದ ಡಬ್ಬಿ ಎಸೆದು ಗೋಡೆಯಲ್ಲೇ ತೂತು ಮಾಡಿದ್ದರು. ಅಂಗಳದಲ್ಲಲ್ಲ, ಒಳಗೆ. ಅದನ್ನು ನೆನೆದು ನಾನೂ ಬಟ್ಟೆ ಬದಲಿಸೋ ಕೋಣೆಯಲ್ಲಿ ಗುದ್ದೋಕೆ ಅಂತ ದಪ್ಪ ದಿಂಬು ಇಟ್ಟೆ, ಮೂವತ್ತೋ ನಲವತ್ತೋ ಡಾಲರ್. ಯಾರು ಮೊದಲು ಗುದ್ದಬೇಕು ಅಂತಲೇ ಜಗಳ ಶುರುವಾಯಿತು. ದಿಂಬು ಈಗ ನಮ್ಮನೆ ಬೇಸ್‌ಮೆಂಟಿನಲ್ಲಿದೆ.

2023ರ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ ಪಿಸ್ಟನ್ಸ್ ಸತತ 28 ಪಂದ್ಯ ಸೋತಿತಲ್ಲ, ಆ ಸೀಸನ್ನು ನಮಗೆ ಲಾಭವೇ ಆಯಿತು. ಮೇಲಿನ ಸಾಲಿನ ಟಿಕೆಟ್ ಹದಿನೈದು ಡಾಲರ್ ಆಸುಪಾಸಿಗೆ ಸಿಗುತ್ತಿತ್ತು. ಹುಡುಗರನ್ನು ಎರಡು ಕಾರಿನಲ್ಲಿ ತುಂಬಿಕೊಂಡು ಡೌನ್‌ಟೌನ್‌ಗೆ ಹೋದೆವು. ಬಜರ್ ಆದಮೇಲೆ ಎಲ್ಲರೂ ಪಾರ್ಕಿಂಗ್ ಕಡೆ ಓಡುವಾಗ ನಾವು ಕೂತೇ ಇದ್ದೆವು, ಯಾರು ಯಾರ ಹತ್ತಿರ ಹೋಗ್ತಾರೆ ನೋಡೋಕೆ. ಆ ಸರಣಿಯ 27ನೇ ಸೋಲಿನಲ್ಲಿ ಪಿಸ್ಟನ್ಸ್‌ನ ಕೇಡ್ ಕನ್ನಿಂಗ್‌ಹ್ಯಾಮ್ ಒಬ್ಬರೇ 41 ಪಾಯಿಂಟ್ ಹಾಕಿದ್ದರು. 26 ಸೋತ ಮೇಲೂ ಹಾಗೆ ಆಡೋದಿದೆಯಲ್ಲ, ಅದನ್ನು ಯಾವ ಭಾಷಣದಲ್ಲೂ ಹೇಳೋಕಾಗಲ್ಲ.

ಅಪ್ಪ-ಅಮ್ಮಂದಿರ ವಿಷಯ ಬೇರೆಯೇ. ಅವರಿಗೆ ಒಂದೇ ನಿಯಮ: ಕಾರಿನಲ್ಲಿ ಆಟದ ಮಾತು ಇಲ್ಲ, ಮಗ ಶುರು ಮಾಡಿದರೆ ಮಾತ್ರ. ಅರ್ಧ ಜನ ಪಾಲಿಸಿದರು. ಉಳಿದವರಿಗೆ ಯಾನಿಸ್ ಅಂಟೆಟೊಕೊಂಪೊ 2023ರಲ್ಲಿ ಆಡಿದ ಮಾತಿನ ವಿಡಿಯೊ ಕಳಿಸಿದೆ. ಅವರ ಮಿಲ್ವಾಕಿ ತಂಡ ಮೊದಲ ಸುತ್ತಿನಲ್ಲೇ ಮಯಾಮಿಗೆ ಸೋತಿತ್ತು. ಈ ಸೀಸನ್ ವಿಫಲವಾ ಅಂತ ಕೇಳಿದ್ದಕ್ಕೆ ಅವರು ತಿರುಗಿ ಕೇಳಿದ್ದು: ಜೋರ್ಡನ್ 15 ವರ್ಷ ಆಡಿ ಆರು ಸಲ ಗೆದ್ದರು, ಹಾಗಾದರೆ ಉಳಿದ ಒಂಬತ್ತು ವರ್ಷ ವಿಫಲವಾ? ಇದನ್ನು ನಾನು ಹುಡುಗರಿಗೆ ತೋರಿಸಲ್ಲ. ಹನ್ನೊಂದರ ವಯಸ್ಸಿನಲ್ಲಿ ಅದು ನೆಪ ಆಗಿಬಿಡುತ್ತೆ. ದೊಡ್ಡವರಿಗೆ ಸರಿ.

ಕನ್ನಡ ಕೂಟದ ಪಿಕ್ನಿಕ್‌ನಲ್ಲಿ ಹಗ್ಗಜಗ್ಗಾಟಕ್ಕೂ ಇದೇ ನಿಯಮ ಹಾಕಿ ನೋಡಿದೆವು. ಸೋತವರು ಗೆದ್ದವರಿಗೆ ಒಂದು ನಿಜವಾದ ಮಾತು ಹೇಳಬೇಕು. ಮಕ್ಕಳು ಹೇಳಿದರು, ಅಪ್ಪಂದಿರು ಹಗ್ಗ ಜಾರಿತು ಅಂತಲೇ ವಾದ ಮಾಡಿದರು. ನಮ್ಮ ವಯಸ್ಸಿನವರಿಗೆ ಇದಕ್ಕಿಂತ ಜಾಸ್ತಿ ವಾರ ಬೇಕು ಅನ್ನಿಸುತ್ತೆ.

ಈ ವಸಂತದ ಲೀಗ್ ಫೈನಲ್ ಒಂದು ಪಾಯಿಂಟಿನಿಂದ ಹೋಯಿತು. ಕೊನೆಯ ಶಾಟ್ ಹಾಕಿದ್ದು "ಅಡ್ವಾನ್ಸ್" ಹುಡುಗನೇ, ರಿಂಗ್ ಸುತ್ತಿ ಹೊರಬಂತು. ನೆಲಕ್ಕೆ ಬಡಿದ ಸದ್ದು ಇಡೀ ಜಿಮ್‌ಗೆ ಕೇಳಿಸಿತು. ರೆಫ್ರಿ ಕೈ ಸೀಟಿಯ ಹತ್ತಿರ ಹೋಯಿತು, ಟೆಕ್ನಿಕಲ್ ಕೊಡ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಹುಡುಗ ಎದ್ದು ಎದುರು ತಂಡದ ಗಾರ್ಡ್ ಹತ್ತಿರ ನಡೆದಿದ್ದ. ಅವನು ಹೇಳಿದ್ದು, "ಕೊನೆಗೆ ನೀನು ನನ್ನ ಬಲಗಡೆ ಮುಚ್ಚಿಬಿಟ್ಟೆ. ಅದಕ್ಕೇ ಆ ಶಾಟ್ ಹಾಕಬೇಕಾಯ್ತು." ಎದುರು ತಂಡದ ಕೋಚ್ ನನ್ನ ಹತ್ತಿರ ಬಂದು ಇದನ್ನು ಹೇಗೆ ಮಾಡಿಸಿದಿರಿ ಅಂತ ಕೇಳಿದರು. ಆ ಸೀಸನ್ ಪೂರ್ತಿ ಸೇರಿ ಟೆಕ್ನಿಕಲ್ ಒಂದೋ ಎರಡೋ ಅಷ್ಟೇ. ನಮ್ಮ ಲೀಗ್‌ನಲ್ಲಿ ಇದಕ್ಕಿಂತ ಕಮ್ಮಿ ಯಾವ ತಂಡಕ್ಕೂ ಇರಲಿಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಎರಡು ವಿಷಯ ಇಲ್ಲಿ ಬರೆಯಲ್ಲ. ಡ್ರಿಲ್‌ಗೆ ಯಾರನ್ನು ಯಾರ ಎದುರು ಜೋಡಿ ಮಾಡ್ತೀನಿ ಅನ್ನೋದು ಒಂದು. ಎಂಟು ಸೆಕೆಂಡ್ ಇರುವಾಗ ಬೆಂಚಿನಿಂದ ನಾನು ಕೂಗೋ ಒಂದೇ ಒಂದು ಪದ ಇನ್ನೊಂದು. ಮುಂದಿನ ಸೀಸನ್ನೂ ಅದೇ ಲೀಗ್‌ನಲ್ಲಿ ಆಡಬೇಕಲ್ಲ!

ಖರ್ಚು ಅಂದರೆ ಡ್ರಿಲ್‌ಗೆ ಜಿಮ್ ಬಾಡಿಗೆಯ ಹತ್ತು ನಿಮಿಷ ಅಷ್ಟೇ. ನಮ್ಮಲ್ಲಿ ಗಂಟೆಗೆ ಅರವತ್ತೈದು ಡಾಲರ್ ಇತ್ತು, ಅಂದರೆ ಸಂಜೆಗೆ ಹನ್ನೊಂದು ಡಾಲರ್ ಹತ್ತಿರ. ಈ ಚಳಿಗಾಲಕ್ಕೆ ಬಾಡಿಗೆ ಏರಿಸಿದ್ದಾರೆ. ಮೈಸೂರಿನ ಆ ತಂದೆಯೇ ತಂಡದ ಲೆಕ್ಕ ನೋಡಿಕೊಳ್ಳೋದು. ಏನಾದರೂ ಕಮ್ಮಿ ಮಾಡಬೇಕಲ್ಲ ಅಂತ ಅವರ ಹತ್ತಿರ ಕೂತಾಗ, ಶೂಟಿಂಗ್‌ನಲ್ಲಿ ಐದು ನಿಮಿಷ ಕಡಿಮೆ ಮಾಡೋಣ, ಆ ಕೊನೆಯ ಹತ್ತು ನಿಮಿಷ ಮುಟ್ಟೋದು ಬೇಡ ಅಂದರು.